ಮರಳು ಹಾಸಿದರೆ ಕೆಸರಿನ ವಿಷ ನಿಲ್ಲುತ್ತದಾ?

ಮಂಗಳೂರಿನ ಕೂಳೂರು ಕಡೆ ಫಲ್ಗುಣಿ ಹೊಳೆಯ ತಳದ ಕಪ್ಪು ಕೆಸರನ್ನು ತೆಗೆಯುವ ಬದಲು ಮೇಲೆ ಮರಳು ಹಾಸಿ ಮುಚ್ಚಬಹುದಾ ಅಂತ ಕೇಳಿದ್ದೀರಿ. ಅಂಥ ವಿಧಾನ ಇದೆ. ಆದರೆ ಸುಮ್ನೆ ನಾಲ್ಕು ಲೋಡ್ ಮರಳು ಸುರಿದರೆ ಆಗುವುದಿಲ್ಲ.

ಶುದ್ಧ ಮರಳಿನ ದಪ್ಪ ಪದರ ಕೆಸರು ಕದಡದಂತೆ ತಡೆಯುತ್ತದೆ. ಮರುವಾಯಿ (ತಳದಲ್ಲಿರುವ ಚಿಪ್ಪುಜೀವಿ), ಹುಳುಗಳಿಗೆ ವಿಷ ತಾಗುವುದು ಕಡಿಮೆಯಾಗುತ್ತದೆ. ನೀರಲ್ಲಿ ಕರಗಿದ ವಿಷ ಮಾತ್ರ ಮರಳಿನ ಸಂದಿಯಿಂದ ಮೇಲೇರಬಹುದು. ಅದಕ್ಕೇ ಕೆಲವು ಕಡೆ ಆಕ್ಟಿವೇಟೆಡ್ ಕಾರ್ಬನ್ ಬೆರೆಸುತ್ತಾರೆ, ಮನೆಯ ನೀರಿನ ಫಿಲ್ಟರಿನಲ್ಲಿ ಇರುತ್ತದಲ್ಲ, ಅದೇ. ನೀರಿನ ಸೆಳೆತ ಜಾಸ್ತಿ ಇದ್ದಲ್ಲಿ ಮೇಲೆ ಕಲ್ಲೂ ಬೇಕು.

ಅಮೆರಿಕದ ಪಸೇಯಿಕ್ ನದಿಯಲ್ಲಿ ಡಯಾಕ್ಸಿನ್ ಎಂಬ ವಿಷ ಸೇರಿದ ಕೆಸರಿತ್ತು. ಕೊನೆಯ 13 ಕಿ.ಮೀ. ಉದ್ದಕ್ಕೂ ದಡದಿಂದ ದಡಕ್ಕೆ ಮುಚ್ಚಬೇಕೆಂದು 2016ರಲ್ಲಿ ತೀರ್ಮಾನವಾಯಿತು. ಅಲ್ಲೂ ಮೊದಲು ಒಂದಿಷ್ಟು ಕೆಸರು ತೆಗೆಯಲೇಬೇಕು. ಇಲ್ಲದಿದ್ದರೆ ತಳ ಎತ್ತರವಾಗಿ ನೆರೆ ಹೆಚ್ಚುತ್ತದೆ.

ನಮ್ಮ ಹೊಳೆಯಲ್ಲಿ ನನಗೆ ದೊಡ್ಡ ಚಿಂತೆ ಬೇರೆಯೇ. ಜೂನ್, ಜುಲೈಯ ನೀರಿನ ರಭಸ ನಿಮಗೂ ಗೊತ್ತು. ಅದರ ಮೇಲೆ ಅಳಿವೆಯಿಂದ ದಿನಾ ಬರುವ ಉಬ್ಬರ, ದೋಣಿಯ ಲಂಗರು. ಇಷ್ಟೆಲ್ಲ ತಡೆದುಕೊಂಡರೂ, ಹಾಸಿದ ಒಳ್ಳೆ ಮರಳನ್ನು ಯಾರೋ ರಾತ್ರೋರಾತ್ರಿ ಲಾರಿಗೆ ತುಂಬಿದರೆ? ನಗಬೇಡಿ, ಮರಳಿನ ರೇಟು ನಮ್ಮೂರಲ್ಲಿ ಎಷ್ಟಿದೆ ಅಂತ ಗೊತ್ತಲ್ವಾ!

ಮೊದಲು ತೋಡುಗಳಿಂದ ಕೊಳಕು ನೀರು ಬಂದು ಸೇರುವುದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಮರಳಿನ ಮೇಲೆ ಮತ್ತೆ ಹೊಸ ಕೆಸರು ಕೂರುತ್ತದೆ. ಮನವಿ ಕೊಡುವಾಗ ನೀರಿನ ಪರೀಕ್ಷೆ ಒಂದನ್ನೇ ಕೇಳಬೇಡಿ. ಬೇರೆ ಬೇರೆ ಆಳದ ಕೆಸರನ್ನೂ ಪರೀಕ್ಷಿಸಲು ಹೇಳಿ.