ಉಣ್ಣೆ ಜ್ವರಕ್ಕೆ ಒಂದೇ ಲಸಿಕೆ ಯಾಕಿಲ್ಲ?

ಪ್ರಶ್ನೆ: ನಮ್ಮ ಮಿಶ್ರತಳಿ ಹಸು ಥೈಲೇರಿಯಾ ಬಂದು ಸತ್ತುಹೋಯಿತು. ಕಾಲುಬಾಯಿ ಜ್ವರಕ್ಕೆ ಹಾಕಿಸುವ ಹಾಗೆ ಉಣ್ಣೆಯಿಂದ ಬರುವ ರೋಗಗಳಿಗೂ ಒಂದು ಲಸಿಕೆ ಯಾಕಿಲ್ಲ? ಮನೆಯಲ್ಲಿ ಇನ್ನೊಂದು ಕರು ಇದೆ.

ಉತ್ತರ: ಹಸು ಹೋದ ಸಂಕಟ ಅರ್ಥವಾಗುತ್ತದೆ. ಆದರೆ ಉಣ್ಣೆ ಜ್ವರ ಅಂದರೆ ಒಂದೇ ರೋಗ ಅಲ್ಲ. ಥೈಲೇರಿಯಾ, ಬೆಬಿಸಿಯಾ, ಅನಾಪ್ಲಾಸ್ಮಾ ಮೂರೂ ಬೇರೆ ಬೇರೆ. ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ.

ಕಾಲುಬಾಯಿ ಲಸಿಕೆಯಲ್ಲಿ ಇರುವುದು ಸತ್ತ ವೈರಸ್. ಥೈಲೇರಿಯಾಕ್ಕೆ ಅಷ್ಟು ಸಾಲದು. ಈ ಪರಾವಲಂಬಿ ಬಿಳಿ ರಕ್ತಕಣದ ಒಳಗೇ ಹೊಕ್ಕು ಕೂರುತ್ತದೆ. ಆ ಕಣ ಒಂದು ಎರಡಾಗಿ, ಎರಡು ನಾಲ್ಕಾಗಿ ಸುಮ್ನೆ ಹೆಚ್ಚುತ್ತಾ ಹೋಗುವಂತೆ ಮಾಡಿ, ಅದರ ಜೊತೆ ತಾನೂ ಹೆಚ್ಚುತ್ತದೆ. ನಿಮ್ಮ ಹಸುವಿನ ಭುಜದ ಮುಂದೆ ಗಡ್ಡೆ ಊದಿತ್ತು ಅಲ್ವಾ? ಅದು ಇದರದ್ದೇ ಕೆಲಸ.

ಹಾಗಂತ ಲಸಿಕೆ ಇಲ್ಲವೇ ಇಲ್ಲ ಅಂತಲ್ಲ. ಸೋಂಕು ಇರುವ ಕಣಗಳನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ, ರೋಗಾಣುವಿನ ಕಸುವು ಇಳಿಸಿ ಲಸಿಕೆ ಮಾಡುತ್ತಾರೆ. ಅದು ಜೀವಂತವಾಗಿಯೇ ಹಸುವಿನ ಮೈ ಸೇರಬೇಕು. ಅದಕ್ಕೇ ದ್ರವ ಸಾರಜನಕದಲ್ಲಿ ಸಾಗಿಸಬೇಕು. ದಾರಿಯಲ್ಲಿ ತಂಪು ತಪ್ಪಿದರೆ ಚುಚ್ಚಿದ್ದು ವ್ಯರ್ಥ. ಪೂರ್ವ ಆಫ್ರಿಕಾದಲ್ಲಿ ಇದರ ಸಂಬಂಧಿ ರೋಗಕ್ಕೆ ಇನ್ನೂ ಧೈರ್ಯದ ದಾರಿ ಹಿಡಿದಿದ್ದಾರೆ. ಕಸುವು ಇಳಿಸದ ರೋಗಾಣುವನ್ನೇ ಕೊಟ್ಟು, ಜೊತೆಗೇ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಚುಚ್ಚುತ್ತಾರೆ. ರೋಗ ಹಗುರಾಗಿ ಬಂದು ಹೋಗುತ್ತದೆ, ರಕ್ಷಣೆ ಉಳಿಯುತ್ತದೆ.

ನನಗೆ ಹೆಚ್ಚು ಭರವಸೆ ಇರುವುದು ಉಣ್ಣೆಗೇ ಹೊಡೆಯುವ ಲಸಿಕೆಯ ಮೇಲೆ. ಉಣ್ಣೆಯ ಕರುಳಿನಲ್ಲಿ ಬಿಎಂ86 ಎಂಬ ಪ್ರೋಟೀನ್ ಇದೆ. 1990ರ ದಶಕದಲ್ಲೇ ಆಸ್ಟ್ರೇಲಿಯಾ, ಕ್ಯೂಬಾಗಳಲ್ಲಿ ಇದರಿಂದ ಲಸಿಕೆ ಮಾಡಿದರು. ಲಸಿಕೆ ಹಾಕಿದ ಹಸುವಿನ ರಕ್ತ ಕುಡಿದರೆ, ಲಸಿಕೆಯಿಂದಾಗಿ ಅದರಲ್ಲಿ ಹುಟ್ಟಿದ ಪ್ರತಿಕಾಯಗಳು (ರಕ್ಷಣೆಯ ಪ್ರೋಟೀನ್‌ಗಳು) ಉಣ್ಣೆಯ ಕರುಳನ್ನೇ ಹಾಳುಮಾಡುತ್ತವೆ. ಕೆಲವು ಸಾಯುತ್ತವೆ, ಉಳಿದವು ಕಡಿಮೆ ಮೊಟ್ಟೆ ಇಡುತ್ತವೆ. ಹೊಟ್ಟೆ ತುಂಬಿದ ಒಂದು ಹೆಣ್ಣುಣ್ಣೆ ಎರಡು ಮೂರು ಸಾವಿರ ಮೊಟ್ಟೆ ಇಡಬಲ್ಲದು. ಹಾಗಾಗಿ ಇದು ಸಣ್ಣ ಗೆಲುವಲ್ಲ. ತೊಡಕೂ ಇದೆ. ಕಚ್ಚುವಾಗ ಈ ಕರುಳಿನ ಪ್ರೋಟೀನ್ ಹಸುವಿನ ಮೈಗೆ ಹೋಗುವುದಿಲ್ಲ, ಹಾಗಾಗಿ ಮೈಗೆ ಅದರ ನೆನಪು ಮಾಸುತ್ತದೆ; ಆದ್ದರಿಂದ ಲಸಿಕೆಯನ್ನು ಮತ್ತೆ ಮತ್ತೆ ಹಾಕಬೇಕು. ಒಂದು ಜಾತಿಯ ಉಣ್ಣೆಗೆ ನಾಟಿದ್ದು ಇನ್ನೊಂದಕ್ಕೆ ಅಷ್ಟು ನಾಟುವುದಿಲ್ಲ. ಅದಕ್ಕೇ ಈಗ ಹಲವು ಪ್ರೋಟೀನ್ ಸೇರಿಸಿ ನೋಡುತ್ತಿದ್ದಾರೆ.

ಕರುವಿಗೆ ಎರಡು ತಿಂಗಳು ದಾಟಿದ್ದರೆ ಥೈಲೇರಿಯಾ ಲಸಿಕೆ ಸಿಗುತ್ತದೆಯೇ ಎಂದು ಪಶುವೈದ್ಯರನ್ನು ಕೇಳಿ. ಹಾಕಿಸಿದರೂ ಉಣ್ಣೆ ನೋಡುವುದು ಬಿಡಬೇಡಿ. ಕಿವಿ ಒಳಗೆ, ಕೆಚ್ಚಲ ಸಂದಿ, ಬಾಲದ ಬುಡ ದಿನಾ ಕೈಯಾಡಿಸಿ. ಜೋರು ಜ್ವರದ ಜೊತೆ ಭುಜದ ಗಡ್ಡೆ ಕೈಗೆ ಸಿಕ್ಕರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಥೈಲೇರಿಯಾಕ್ಕೆ ಕೊಡುವ ಬುಪಾರ್ವಕ್ವೋನ್ ಚುಚ್ಚುಮದ್ದು ಶುರುವಿನಲ್ಲೇ ಬಿದ್ದರೆ ಜಾಸ್ತಿ ಕೆಲಸ ಮಾಡುತ್ತದೆ.