ಬೀದರ್‌ನ ಹಿತ್ತಲಲ್ಲಿ ಸಿಕ್ಕ ಹಳೆ ಹುಲ್ಲು ಕತ್ತರಿಸುವ ಮಷಿನ್: ಯಾವ ಕಂಪನಿದು, ಮತ್ತೆ ಓಡುತ್ತಾ?

ನಮಸ್ಕಾರ ರೀ. ನೀವು ಕೇಳಿದ್ದು ಇದು: ಬೀದರ್‌ನಲ್ಲಿ ಮುತ್ಯಾನ ಮನೆ ಹಿತ್ತಲಲ್ಲಿ, ಬೇವಿನ ಗಿಡದ ಬುಡದಲ್ಲಿ, ಹುಲ್ಲು ಕತ್ತರಿಸುವ ಹಳೆ ಮಷಿನ್ ಸಿಕ್ಕಿದೆ. ಎಂಜಿನ್ ಇಲ್ಲ, ಕೈಯಿಂದ ತಳ್ಳುವಂಥದು. ಹಿಂದೆ ಕಬ್ಬಿಣದ ರೋಲರ್ ಇದೆ, ಮುಂದಿನ ಮರದ ರೋಲರ್ ಗೆದ್ದಲು ತಿಂದಿದೆ. ಪಕ್ಕದ ತಟ್ಟೆ ಮೇಲೆ ಇಂಗ್ಲಿಷಿನ ಎಸ್, ಡಬ್ಲ್ಯೂ, ಐ, ಸಿ, ಎಚ್ ಅಷ್ಟೇ ಓದೋಕೆ ಬರುತ್ತೆ. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾನೆ. ಕೊಡಬೇಕಾ, ಇಟ್ಟುಕೊಂಡು ಸರಿ ಮಾಡಿಸಬಹುದಾ?

ಕೊಡಬೇಡಿ. ಕಿಲೋ ಲೆಕ್ಕದಲ್ಲಂತೂ ಬೇಡವೇ ಬೇಡ. ನನ್ನದು ಕಲಬುರಗಿ. ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇಥ್ ಕೆಲಸ ಮಾಡುತ್ತೇನೆ. ನಮ್ಮ ಮುತ್ಯಾ ಇಲ್ಲಿನ ಎಂಎಸ್‌ಕೆ ಬಟ್ಟೆ ಮಿಲ್‌ನಲ್ಲಿ ಫಿಟ್ಟರ್ ಆಗಿದ್ದರು. ಹಳೆ ಕಬ್ಬಿಣದ ಮೇಲಿನ ಪ್ರೀತಿ ಅವರಿಂದ ಬಂದಿದ್ದು. ಇಂಥ ಮಷಿನ್ ಈವರೆಗೆ ನಾಲ್ಕು ಬಿಚ್ಚಿ ಜೋಡಿಸಿದ್ದೇನೆ. ಒಂದನ್ನು ಅರ್ಧ ಕೆಡಿಸಿದ್ದೇನೆ. ಅದನ್ನೂ ಹೇಳುತ್ತೇನೆ, ನಿಮಗೆ ಹಾಗಾಗುವುದು ಬೇಡ.

ಮೊದಲು ಆ ಐದು ಅಕ್ಷರ. ಅವುಗಳಿಗೂ ಮುಂಚೆ ಐ, ಪಿ ಅನ್ನೋ ಎರಡು ಅಕ್ಷರ ಮಣ್ಣಲ್ಲಿ ಮುಚ್ಚಿರಬೇಕು. ಸೇರಿಸಿ ಓದಿದರೆ ಇಪ್ಸ್‌ವಿಚ್, ಇಂಗ್ಲೆಂಡಿನ ಊರು. ನಾರ್ವಿಚ್‌ನಲ್ಲೂ ಇಂಥ ಮಷಿನ್ ಮಾಡುತ್ತಿದ್ದರು. ಆದರೆ ಆ ಹೆಸರಲ್ಲಿ ಡಬ್ಲ್ಯೂ ಮುಂಚೆ ಆರ್ ಬರುತ್ತೆ, ನಿಮ್ಮದರಲ್ಲಿ ಎಸ್ ಇದೆ. ಇಪ್ಸ್‌ವಿಚ್ ಅಂದರೆ ರಾನ್ಸಮ್ಸ್ ಕಂಪನಿಯ ಊರು. ನಿಮ್ಮ ಬೇವಿನ ಗಿಡದ ಕೆಳಗೆ ಬಿದ್ದಿರೋದು ಬಹುಪಾಲು ಅವರದೇ ಮಷಿನ್.

ರಾನ್ಸಮ್ಸ್‌ನವರು ಮೊದಲು ಒಕ್ಕಲುತನದ ಸಾಮಾನು ಮಾಡುತ್ತಿದ್ದವರು. 1789ರಿಂದ ಇಪ್ಸ್‌ವಿಚ್‌ನಲ್ಲಿದ್ದರು. ನೇಗಿಲಿನ ಬೀಡು ಕಬ್ಬಿಣದ ಕುಳಕ್ಕೆ 1803ರಲ್ಲಿ ಪೇಟೆಂಟ್ ತಗೊಂಡರು. ಎರಕ ಹೊಯ್ಯುವಾಗ ಕುಳದ ಕೆಳಭಾಗ ಬೇಗ ಆರುವ ಹಾಗೆ ಮಾಡಿ, ಅದನ್ನು ಮೇಲ್ಭಾಗಕ್ಕಿಂತ ಗಟ್ಟಿ ಮಾಡುತ್ತಿದ್ದರು. ಉಳುತ್ತಾ ಹೋದ ಹಾಗೆ ಮೇಲಿನ ಮೆತ್ತನೆ ಭಾಗ ಸವೆಯುತ್ತೆ, ಕೆಳಗಿನ ಅಂಚು ತಾನೇ ಹರಿತವಾಗುತ್ತೆ. ಎಷ್ಟು ಚೆಂದದ ತಲೆ ನೋಡಿ. ಹುಲ್ಲು ಕತ್ತರಿಸುವ ಮಷಿನ್ ಮಾತ್ರ ಅವರು ಕಂಡುಹಿಡಿದಿದ್ದಲ್ಲ. ಅದು ಇಂಗ್ಲೆಂಡಿನ ಸ್ಟ್ರೌಡ್ ಕಡೆಯ ಎಡ್ವಿನ್ ಬಡ್ಡಿಂಗ್ ಎಂಬಾತನದು, 1830ರ ಪೇಟೆಂಟ್. ಉಣ್ಣೆ ಬಟ್ಟೆ ಮೇಲೆ ಎದ್ದ ನೂಲನ್ನು ಸಮನಾಗಿ ಕತ್ತರಿಸೋಕೆ ಅಲ್ಲಿನ ಮಿಲ್‌ಗಳಲ್ಲಿ ತಿರುಗುವ ಬ್ಲೇಡಿನ ಮಷಿನ್ ಇತ್ತು. ಅದನ್ನೇ ಹುಲ್ಲಿಗೆ ತಂದ. 1832ರಲ್ಲಿ ರಾನ್ಸಮ್ಸ್‌ನವರು ಅವನಿಂದ ಪರವಾನಗಿ ಪಡೆದು ತಾವೂ ಮಾಡತೊಡಗಿದರು. ಮಿಲ್‌ನ ಮಷಿನ್ ಹುಲ್ಲಿನ ಮೇಲೆ ಬಂತು ಅಂತ ಗೊತ್ತಾದ ದಿನ ನನಗೆ ನಮ್ಮ ಮುತ್ಯಾನೇ ನೆನಪಾದರು.

ಈಗ ಎಷ್ಟು ಹಳೆಯದು ಅನ್ನೋ ಮಾತು. ದಯವಿಟ್ಟು ಮಷಿನ್ ತೊಳೆಯಬೇಡಿ, ಉಜ್ಜಬೇಡಿ. ಎಲ್ಲರೂ ಮಾಡೋ ಮೊದಲ ತಪ್ಪು ಇದೇ. ತಂತಿ ಬ್ರಶ್ ತಗೊಂಡು ಗಸಗಸ ತಿಕ್ಕಿದರೆ ಹೆಸರು, ನಂಬರು, ಬಣ್ಣದಲ್ಲಿ ಬರೆದ ಗುರುತು ಎಲ್ಲ ಹೋಗುತ್ತೆ. ಒಣಗಿದ ಮಣ್ಣನ್ನು ಹಳೆ ಟೂತ್‌ಬ್ರಶ್‌ನಿಂದ ಉದುರಿಸಿ ಸಾಕು. ಆಮೇಲೆ ರಾತ್ರಿ ದೀಪ ಆರಿಸಿ, ಟಾರ್ಚನ್ನು ತಟ್ಟೆಗೆ ಅಡ್ಡಲಾಗಿ, ತೀರಾ ಹತ್ತಿರ ಹಿಡಿಯಿರಿ. ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತೆ. ಅಕ್ಷರ ಉಬ್ಬಿದ್ದರೆ ಮೇಲೆ ಸೀಮೆಸುಣ್ಣ ಸವರಿ. ಒಳಗೆ ಕೊರೆದಿದ್ದರೆ ಸ್ವಲ್ಪ ಗೋಧಿ ಹಿಟ್ಟು ಒರೆಸಿ. ನನ್ನ ಎರಡನೇ ಮಷಿನ್‌ನಲ್ಲಿ ಹಗಲೆಲ್ಲ ಹುಡುಕಿದರೂ ಏನೂ ಕಂಡಿರಲಿಲ್ಲ. ರಾತ್ರಿ ಟಾರ್ಚ್ ಬಿಟ್ಟಾಗ ಹಸಿರು ಬಣ್ಣದ ಮೂರು ಪದರದ ಕೆಳಗಿಂದ ಒಂದು ಪೂರ್ತಿ ಸಾಲು ಎದ್ದು ಬಂತು. ಮಗಳನ್ನು ಎಬ್ಬಿಸಿ ತೋರಿಸಿದ್ದೆ.

ಕಂಪನಿ ಹೆಸರು ಪೂರ್ತಿ ಸಿಕ್ಕರೆ ಅದೇ ಒಂದು ಗುರುತು. ರಾನ್ಸಮ್ಸ್, ಸಿಮ್ಸ್ ಅಂಡ್ ಜೆಫರೀಸ್ ಅನ್ನೋ ಹೆಸರು ಬಂದಿದ್ದು 1884ರಲ್ಲಿ. ಅದು ಇದ್ದರೆ ಮಷಿನ್ ಅದಕ್ಕಿಂತ ಹಳೆಯದಲ್ಲ. ಪೇಟೆಂಟ್ ನಂಬರ್ ಇದ್ದರೆ ಇನ್ನೂ ಒಳ್ಳೆಯದು. ಬ್ರಿಟನ್‌ನಲ್ಲಿ 1915ರ ತನಕ ಪ್ರತಿ ವರ್ಷ ನಂಬರ್ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಅದಕ್ಕೇ ನಂಬರ್ ಜೊತೆ ಇಸವಿಯನ್ನೂ ಹಾಕುತ್ತಿದ್ದರು. 1916ರಿಂದ 1,00,001ಕ್ಕೆ ಶುರುವಾಗಿ ಒಂದೇ ಸಾಲು ಮುಂದುವರೆಯಿತು. ಹಾಗಾಗಿ ಆರು ಅಂಕಿಯ ನಂಬರ್ ಕಂಡರೆ ಮಷಿನ್ 1916ರ ಈಚಿನದು. ಆದರೆ ಪೇಟೆಂಟ್ ಸಿಕ್ಕ ವರ್ಷವೇ ಮಷಿನ್ ಮಾಡಿದ ವರ್ಷ ಅಂದುಕೊಳ್ಳಬೇಡಿ. ಒಂದೇ ಪೇಟೆಂಟ್ ಹಾಕಿ ಎಷ್ಟೋ ವರ್ಷ ಮಾರುತ್ತಿದ್ದರು. ನಂಬರ್ ಹೇಳೋದು ಇದಕ್ಕಿಂತ ಮುಂಚಿನದಲ್ಲ ಅಂತ ಮಾತ್ರ.

ಬೇರೆಯವರು ಯಾರಾದರೂ ಇದನ್ನು ಓದಿದರೆ ಉಪಯೋಗವಾಗಲಿ ಅಂತ ಇನ್ನೊಂದೆರಡು ಊರು ಹೇಳಿಬಿಡುತ್ತೇನೆ. ಲೀಡ್ಸ್ ಅಂತ ಇದ್ದರೆ ಥಾಮಸ್ ಗ್ರೀನ್, ಆರ್‌ಬ್ರೋತ್ ಅಂತ ಇದ್ದರೆ ಶ್ಯಾಂಕ್ಸ್, ಡರ್ಬಿ ಅಂತ ಇದ್ದರೆ ಕ್ವಾಲ್‌ಕಾಸ್ಟ್. ಆಟ್ಕೋ ಬರ್ಮಿಂಗ್‌ಹ್ಯಾಮ್‌ನದು, ಅದರ ಮೋಟಾರ್ ಮಷಿನ್ ಶುರುವಾಗಿದ್ದು 1921ರಲ್ಲಿ.

ಬಿಚ್ಚುವ ಮುಂಚೆ ಪಾನಾ ವಿಷಯ. ನಿಮ್ಮ ಮನೆಯ ಪಾನಾ ಸೆಟ್ ಮಿಲಿಮೀಟರ್ ಲೆಕ್ಕದ್ದು. ಈ ಮಷಿನ್‌ನ ನಟ್ಟು ಬೋಲ್ಟು ವಿಟ್‌ವರ್ತ್ ಅಳತೆಯವು, ಅಂದರೆ ಬ್ರಿಟನ್ನಿನ ಹಳೆ ಅಂಗುಲದ ಲೆಕ್ಕದವು. 13ರ ಪಾನಾ ಒಳಗೆ ಹೋಗಲ್ಲ, 14ರದ್ದು ಹಾಕಿದರೆ ಜಾರುತ್ತೆ. ಜಾರಿದಾಗ ಜೋರು ಮಾಡಿದರೆ ನಟ್ಟಿನ ಮೂಲೆ ಉರುಟಾಗಿ ಹೋಗುತ್ತೆ. ಎಳೆಯ ಕೋನವೂ ಬೇರೆ: ವಿಟ್‌ವರ್ತ್‌ನದು 55 ಡಿಗ್ರಿ, ಈಗಿನದು 60. ಕಳೆದುಹೋದ ಬೋಲ್ಟಿನ ಜಾಗಕ್ಕೆ ಅಂಗಡಿಯ ಬೋಲ್ಟ್ ತುರುಕಬೇಡಿ. ಒಂದೆರಡು ಸುತ್ತು ಹೋದ ಹಾಗೆ ಅನ್ನಿಸುತ್ತೆ, ಆಮೇಲೆ ಒಳಗಿನ ಎಳೆ ಕಿತ್ತು ಬರುತ್ತೆ. ಹಳೆ ಬುಲೆಟ್ ರಿಪೇರಿ ಮಾಡುವ ಹಿರಿಯ ಮೇಸ್ತ್ರಿಗಳ ಹತ್ತಿರ ವಿಟ್‌ವರ್ತ್ ಪಾನಾ ಇರುತ್ತೆ, ಕೇಳಿ ನೋಡಿ.

ನಮ್ಮ ಕಡೆಯ ಎರಿ ಮಣ್ಣು ಬೇರಿಂಗ್ ಒಳಗೆ ಹೊಕ್ಕು ಒಣಗಿದರೆ ಕಲ್ಲೇ. ಚಿಮಣಿ ಎಣ್ಣೆ ಬಿಟ್ಟು ಎರಡು ದಿನ ಸುಮ್ನೆ ಬಿಡಿ. ಮತ್ತೆ ಬಿಡಿ, ಮತ್ತೆ ಎರಡು ದಿನ ಕಾಯಿರಿ. ನಾನು ಕಾಯಲಿಲ್ಲ. ಮೊದಲ ಮಷಿನ್‌ನಲ್ಲಿ ಶಾಫ್ಟ್ ಹೊರಗೆ ಬರಲಿಲ್ಲ ಅಂತ ಸುತ್ತಿಗೆಯಿಂದ ಹೊಡೆದೆ. ಮೂರನೇ ಏಟಿಗೆ ಪಕ್ಕದ ತಟ್ಟೆ ಟಣ್ ಅನ್ನೋದು ಬಿಟ್ಟು ಟಪ್ ಅಂತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಬೀಡು ಕಬ್ಬಿಣ ಬಾಗಲ್ಲ, ಸೀಳುತ್ತೆ. ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಗೇಟಿಗೆ ಹಾಕುವ ರಾಡ್‌ನಿಂದಲೇ ವೆಲ್ಡ್ ಮಾಡಿಕೊಟ್ಟರು. ಮನೆಗೆ ಬರುವಷ್ಟರಲ್ಲಿ ವೆಲ್ಡಿನ ಪಕ್ಕದಲ್ಲೇ ಹೊಸ ಬಿರುಕು ಬಿಟ್ಟಿತ್ತು. ಬೀಡಿಗೆ ಇಡೀ ತುಂಡನ್ನು ನಿಧಾನಕ್ಕೆ ಕಾಯಿಸಿ, ಹಿತ್ತಾಳೆ ಬೆಸುಗೆ ಹಾಕಿ, ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಡಬೇಕು. ಹಾಗೆ ಮಾಡಿದ ಮೇಲೆ ನಿಂತಿತು. ಗುರುತು ಮಾತ್ರ ಉಳಿದಿದೆ.

ಬಿಚ್ಚುವಾಗ ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ. ಎಡ ಬಲ ಬೇರೆ ಬೇರೆ ಡಬ್ಬಿಯಲ್ಲಿಡಿ. ಮಷಿನ್ ಹಿಂದಕ್ಕೆ ಎಳೆದಾಗ ಟಿಕ್ ಟಿಕ್ ಅನ್ನುತ್ತಲ್ವಾ, ಅದು ಗೇರ್ ಒಳಗಿನ ಸಣ್ಣ ಚಿಲಕದ ಸದ್ದು. ಮುಂದೆ ತಳ್ಳಿದಾಗ ಅದು ಹಲ್ಲಿಗೆ ಸಿಕ್ಕಿ ಬ್ಲೇಡ್ ತಿರುಗಿಸುತ್ತೆ, ಹಿಂದೆ ಎಳೆದಾಗ ಜಾರುತ್ತೆ. ಕಡಲೆಕಾಯಿಗಿಂತ ಸಣ್ಣದೂ ಇರುತ್ತೆ. ಗೇರ್ ತೆಗೆದ ಕೂಡಲೇ ಉದುರಿ ಕಸದಲ್ಲಿ ಹೋಗುತ್ತೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು ಕೂತರೆ ಸಿಗುತ್ತೆ.

ತುಕ್ಕಿಗೆ ಸಣ್ಣ ಸಾಮಾನಾದರೆ ಹುಣಸೆ ನೀರು ಸಾಕು. ರಾತ್ರಿ ನೆನೆಸಿ, ಬೆಳಗ್ಗೆ ತಿಕ್ಕಿ, ಬಟ್ಟೆ ಸೋಡಾ ನೀರಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಹಚ್ಚಿ. ದೊಡ್ಡ ತುಂಡಿಗೆ ನಾನು ಕರೆಂಟ್ ಬಳಸುತ್ತೇನೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬಟ್ಟೆ ಸೋಡಾ ಕದಡಿದ ನೀರು, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಮೈನಸ್ ತಂತಿ ನಿಮ್ಮ ಸಾಮಾನಿಗೆ, ಪ್ಲಸ್ ತಂತಿ ಬೇಡದ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಪ್ಲಸ್ ಕಡೆಗೆ ಸ್ಟೀಲ್ ತಟ್ಟೆ, ಸ್ಟೀಲ್ ಚಮಚ ಹಾಕಲೇಬೇಡಿ, ಅದರಿಂದ ವಿಷದ ಕ್ರೋಮಿಯಂ ನೀರಿಗೆ ಬರುತ್ತೆ. ಹೈಡ್ರೋಜನ್ ಗಾಳಿ ಏಳುವುದರಿಂದ ಬಯಲಲ್ಲೇ ಮಾಡಿ, ಹತ್ತಿರ ಬೀಡಿ, ಬೆಂಕಿ ಬೇಡ. ಬಣ್ಣದ ಗುರುತು ಉಳಿದಿರುವ ತುಂಡನ್ನು ಇದರಲ್ಲಿ ಇಳಿಸಬೇಡಿ, ಬಣ್ಣವೂ ಬಿಟ್ಟುಬರುತ್ತೆ. ಹಳೆ ಬಣ್ಣದಲ್ಲಿ ಸೀಸ ಇರೋದು ಸಾಮಾನ್ಯ. ಒಣಗಿದ ಹಾಗೇ ಉಜ್ಜಿ ಧೂಳು ಎಬ್ಬಿಸಬೇಡಿ. ನೀರು ಹಾಕಿ ಉಜ್ಜಿ, ಮಕ್ಕಳನ್ನು ದೂರ ಇಡಿ.

ಈಗ ಮುಖ್ಯ ವಿಷಯಕ್ಕೆ ಬಂದೆ. ಬಹಳ ಜನ ಇಲ್ಲಿ ತನಕ ಬಂದು, ಹಸಿರು ಪೇಂಟ್ ಹೊಡೆದು, ಹಾಲ್‌ನಲ್ಲಿ ನಿಲ್ಲಿಸಿಬಿಡುತ್ತಾರೆ. ನನಗೆ ಅದು ನೋಡೋಕೆ ಸಂಕಟ. ಹುಲ್ಲು ಕತ್ತರಿಸದ ಮಷಿನ್ ಸರಿಯಾದ ಹಾಗಲ್ಲ.

ಇದರಲ್ಲಿ ಕತ್ತರಿಸೋದು ಎರಡು ಅಂಚು. ಒಂದು ತಿರುಗುವ ಉರುಳಿಯ ಮೇಲೆ ತಿರುಚಿಕೊಂಡಿರುವ ಬ್ಲೇಡುಗಳು, ಇನ್ನೊಂದು ಕೆಳಗೆ ಅಲುಗಾಡದೆ ಕೂತಿರುವ ಪಟ್ಟಿ. ಹುಲ್ಲು ಇವೆರಡರ ನಡುವೆ ಸಿಕ್ಕಿ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕತ್ತರಿಸುತ್ತೆ. ಈಗಿನ ಫ್ಯಾನಿನಂಥ ಬ್ಲೇಡ್ ಹುಲ್ಲನ್ನು ಹೊಡೆದು ಕತ್ತರಿಸುತ್ತೆ, ತುದಿ ಹರಿದು ಕಂದಾಗುತ್ತೆ. ಎರಡೂ ಅಂಚು ಉದ್ದಕ್ಕೂ ಒಂದೇ ಸಮ ಇರಬೇಕು. ತಾಗಿಯೂ ತಾಗದ ಹಾಗೆ ಇರಬೇಕು.

ಇದಕ್ಕೆ ಆಟೋಮೊಬೈಲ್ ಅಂಗಡಿಯಲ್ಲಿ ಸಿಗುವ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ತನ್ನಿ. ಎಂಜಿನ್ ವಾಲ್ವ್ ಕೂರಿಸೋಕೆ ಬಳಸುವಂಥದೇ. ಅದನ್ನು ಸ್ವಲ್ಪ ಎಣ್ಣೆಯಲ್ಲಿ ಕಲಸಿ ಬ್ಲೇಡುಗಳ ಅಂಚಿಗೆ ಹಚ್ಚಿ. ಕೆಳಗಿನ ಪಟ್ಟಿಯನ್ನು ಎರಡೂ ತುದಿಯ ಸ್ಕ್ರೂ ತಿರುಗಿಸಿ ಮೆಲ್ಲಗೆ ತಾಗಿಸಿ. ಆಮೇಲೆ ಉರುಳಿಯನ್ನು ಹಿಮ್ಮುಖವಾಗಿ ತಿರುಗಿಸಿ. ಹಿಮ್ಮುಖ ಅನ್ನೋದು ಮರೆಯಬೇಡಿ. ಬೆರಳು ದೂರ ಇರಲಿ. ಮೊದಲು ಕರ್ ಕರ್ ಅಂತ ಒರಟು ಸದ್ದು ಬರುತ್ತೆ, ಆಮೇಲೆ ಅದೇ ಸಣ್ಣಗೆ ಸ್ಸ್ ಅಂತ ಆಗುತ್ತೆ. ಸದ್ದು ಪೂರ್ತಿ ಕಡಿಮೆಯಾದರೆ ಅಂಚು ದೂರ ಸರಿದಿದೆ ಅಂತ ಅರ್ಥ, ಸ್ಕ್ರೂವನ್ನು ಕೂದಲೆಳೆಯಷ್ಟು ಬಿಗಿ ಮಾಡಿ ಮುಂದುವರೆಸಿ. ನನಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ಕೊನೆಗೆ ಚಿಮಣಿ ಎಣ್ಣೆಯಿಂದ ಪೇಸ್ಟ್ ಒಂದು ಕಣವೂ ಉಳಿಯದ ಹಾಗೆ ತೊಳೆಯಿರಿ, ಇಲ್ಲದಿದ್ದರೆ ಅದು ಬೇರಿಂಗ್ ತಿನ್ನುತ್ತೆ.

ಪರೀಕ್ಷೆ ಮಾಡೋಕೆ ದಿನಪತ್ರಿಕೆ ಸಾಕು. ಎರಡು ಬೆರಳಗಲದ ಪಟ್ಟಿ ಹರಿದು, ಎಡತುದಿಯಲ್ಲಿ ಹಿಡಿದು ಉರುಳಿಯನ್ನು ನಿಧಾನ ಮುಂದಕ್ಕೆ ತಿರುಗಿಸಿ. ಹೀಗೆ ಅಂಗುಲ ಅಂಗುಲ ಸರಿಯುತ್ತಾ ಬಲತುದಿ ತನಕ, ಪ್ರತಿ ಬ್ಲೇಡಿಗೂ ನೋಡಿ. ಕಾಗದ ಮಡಿಸಿಕೊಂಡರೆ ಅಲ್ಲಿ ಸಂದು ಇದೆ. ಉರುಳಿ ಬಿಗಿಯಾದರೆ ಅಲ್ಲಿ ಜಾಸ್ತಿ ಒತ್ತಿದೆ. ಕೆಳಗಿನ ಪಟ್ಟಿ ತೀರಾ ಸವೆದಿದ್ದರೆ ಹೆದರಬೇಡಿ. ಲಾರಿ ಪಾಟಾದ ಉಕ್ಕಿನಿಂದ ನಮ್ಮ ಕಂಬಾರರು ಒಂದು ಪಟ್ಟಿ ಮಾಡಿಕೊಟ್ಟರು. ಕಾಯಿಸಿ ಮೆತ್ತಗೆ ಮಾಡಿ, ತೂತು ಹೊಡೆದು, ಮತ್ತೆ ನೀರು ಕುಡಿಸಿ ಗಟ್ಟಿ ಮಾಡಿದ್ದರು. ಮೂರು ಮಳೆಗಾಲ ಆಯಿತು, ಇನ್ನೂ ಓಡುತ್ತಿದೆ.

ಮರದ ರೋಲರ್‌ಗೆ ಊರಿನ ಬಡಿಗೇರರನ್ನು ಹಿಡಿಯಿರಿ. ಬಂಡಿ ಕೆಲಸ ಮಾಡಿದವರಾದರೆ ಉತ್ತಮ. ಒಣಗಿದ ಜಾಲಿ ಮರ ಚೆನ್ನಾಗಿ ಬರುತ್ತೆ. ಮೇಲೆ ಅಗಸಿ ಎಣ್ಣೆ ಎರಡು ಮೂರು ಸಲ ಹಚ್ಚಿ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತುವುದುಂಟು. ನಮ್ಮ ಬಿಸಿಲಲ್ಲಂತೂ ಕೇಳಬೇಡಿ. ಹರವಿ ಒಣಗಿಸಿ ಅಥವಾ ನೀರಲ್ಲಿ ಅದ್ದಿಡಿ.

ಬಣ್ಣ ಕೊನೆಗೆ, ಅದೂ ಬೇಕಿದ್ದರೆ ಮಾತ್ರ. ಹಳೆ ಬಣ್ಣ ಸ್ವಲ್ಪವಾದರೂ ಉಳಿದಿದ್ದರೆ ನಾನು ಮೇಣ ಹಚ್ಚಿ ಹಾಗೇ ಬಿಡುತ್ತೇನೆ.

ಶ್ರಾವಣದ ಮಳೆಗೆ ಕರಿಕಿ ಹುಲ್ಲು ಏಳುತ್ತಲ್ವಾ, ಆಗ ಮೊದಲ ಸಲ ತಳ್ಳಿ. ಹುಲ್ಲು ಒಣಗಿರಲಿ, ಜಾಸ್ತಿ ಎತ್ತರ ಬೇಡ. ಅದಕ್ಕೂ ಮುಂಚೆ ಬರಿಗಾಲಲ್ಲಿ ಇಡೀ ಜಾಗ ಒಮ್ಮೆ ನಡೆದು ಕಲ್ಲು ಆರಿಸಿ. ನನ್ನ ಮೂರನೇ ಮಷಿನ್‌ನ ಒಂದು ಬ್ಲೇಡಿನಲ್ಲಿ ಶಹಾಬಾದ್ ಕಲ್ಲಿನ ಚೂರು ಮಾಡಿದ ಗಾಯ ಇನ್ನೂ ಇದೆ. ತಳ್ಳಿದ ಜಾಗದಲ್ಲೆಲ್ಲ ಒಂದು ತೆಳು ಗೆರೆ ಹುಲ್ಲು ಕತ್ತರಿಸದೆ ಉಳಿಯುತ್ತೆ.

ಇವತ್ತು ರಾತ್ರಿ ಟಾರ್ಚ್ ಹಿಡಿದು ಎರಡೂ ಪಕ್ಕದ ತಟ್ಟೆ, ಹಿಡಿಕೆಯ ಬುಡ, ಕೆಳಗಿನ ಪಟ್ಟಿಯ ಸ್ಕ್ರೂ ತಲೆಗಳ ಫೋಟೋ ತೆಗೆದು ಇಲ್ಲಿ ಹಾಕಿ. ಬ್ಲೇಡುಗಳು ಎಷ್ಟು ಅಂತ ಎಣಿಸಿ ಬರೆಯಿರಿ. ಐದಾರು ಇದ್ದರೆ ಮನೆ ಅಂಗಳದ್ದು, ಎಂಟು ಹತ್ತು ಇದ್ದರೆ ತೀರಾ ನುಣುಪು ಹುಲ್ಲಿಗೆ, ಕ್ರಿಕೆಟ್ ಪಿಚ್ಚಿನಂಥದಕ್ಕೆ ಮಾಡಿದ್ದು. ಗುಜರಿಯವನು ಮತ್ತೆ ಬಂದರೆ ಮನೆಯಲ್ಲಿ ಮಾರಲ್ಲ ಅಂದಿದ್ದಾರೆ ಅಂತ ಹೇಳಿಬಿಡಿ.