‘ಎಸ್’ ಸಾಕೋ, ‘ಇಎಸ್’ ಬೇಕೋ?

ಪ್ರಶ್ನೆ: ಮಗಳು ಏಳನೇ ತರಗತಿ. ಇಂಗ್ಲಿಷ್ ಬಹುವಚನದ ನಿಯಮಗಳನ್ನು ಗಿಳಿಪಾಠ ಒಪ್ಪಿಸುತ್ತಾಳೆ. ಬರೆಯಲು ಕೂತರೆ ಮಾತ್ರ ‘ಬಾಕ್ಸ್’ಗೆ ಬರೀ ಎಸ್ ಹಾಕುತ್ತಾಳೆ, ‘ಮಂಕಿ’ಯಲ್ಲಿ ವೈ ತೆಗೆದು ಐಇಎಸ್ ಹಾಕುತ್ತಾಳೆ. ಇನ್ನೂ ಜಾಸ್ತಿ ಬಾಯಿಪಾಠ ಮಾಡಿಸಬೇಕಾ?

ಉತ್ತರ: ಬಾಯಿಪಾಠ ಸಾಕು. ಬರೆಯುವ ಮೊದಲು ಪದವನ್ನು ಜೋರಾಗಿ ಹೇಳಿಸಿ. ಈ ನಿಯಮಗಳಲ್ಲಿ ಎಷ್ಟೋ ಕಿವಿಗೇ ಸಿಗುತ್ತವೆ.

‘ಕ್ಯಾಟ್’ ಅನ್ನುವುದು ‘ಕ್ಯಾಟ್ಸ್’ ಆಗುವಾಗ ಕೊನೆಗೆ ಒಂದು ‘ಸ್’ ಸುಮ್ನೆ ಅಂಟಿಕೊಳ್ಳುತ್ತದೆ. ‘ಬಾಕ್ಸ್’ ಹಾಗಲ್ಲ. ಅದು ಮುಗಿಯುವುದೇ ‘ಸ್’ ಎಂದು. ಅದರ ಮೇಲೆ ಇನ್ನೊಂದು ‘ಸ್’ ಹೇಳಿ ನೋಡಿ, ನಾಲಿಗೆ ಹೊರಳುವುದಿಲ್ಲ. ನಡುವೆ ಒಂದು ಸ್ವರ ಬೇಕೇ ಬೇಕು: ‘ಬಾಕ್ಸಸ್’. ಆ ಸ್ವರಕ್ಕಾಗಿಯೇ ಇ ಬರುವುದು. ಬಸ್, ಡಿಶ್, ಬೆಂಚ್ ಎಲ್ಲಕ್ಕೂ ಕಾರಣ ಇದೇ. ‘ಹೌಸ್’, ‘ಪೇಜ್’ ಥರದವಕ್ಕೆ ಕೊನೆಯಲ್ಲಿ ಇ ಮೊದಲೇ ಇದೆ, ಎಸ್ ಸಾಕು. ‘ಸ್ಟಮಕ್’ ಕೂಡ ‘ಬೆಂಚ್’ ಹಾಗೆ ಸಿಎಚ್‌ನಲ್ಲೇ ಮುಗಿಯುತ್ತದೆ. ಆದರೆ ಅಲ್ಲಿ ಕೇಳುವುದು ‘ಕ್’ ಅಲ್ವಾ? ಹಾಗಾಗಿ ಬರೀ ಎಸ್. ನಿಯಮ ಉರು ಹೊಡೆದ ಮಕ್ಕಳು ಎಡವುವುದು ಇಲ್ಲೇ.

‘ಲೀಫ್’, ‘ನೈಫ್’ ವಿಷಯದಲ್ಲೂ ಕಿವಿಯನ್ನು ನಂಬಬಹುದು. ‘ಲೀವ್ಸ್’, ‘ನೈವ್ಸ್’ ಎಂದು ‘ವ್’ ಕೇಳಿಸಿದರೆ ಎಫ್ ಹೋಗಿ ವಿ ಬರುತ್ತದೆ, ಕೊನೆಗೆ ಇಎಸ್. ‘ಚೀಫ್ಸ್’ ಎಂದು ‘ಫ್’ ಉಳಿದರೆ ಎಫ್ ಕೂಡ ಉಳಿಯುತ್ತದೆ.

ವೈ ವಿಷಯದಲ್ಲಿ ಮಾತ್ರ ಕಿವಿ ಕೈಕೊಡುತ್ತದೆ. ‘ಸಿಟೀಸ್’, ‘ಮಂಕೀಸ್’ ಎರಡರ ಕೊನೆಯೂ ಕೇಳಲು ಒಂದೇ. ಇಲ್ಲಿ ಕಣ್ಣು ಬೇಕು. ವೈಗಿಂತ ಹಿಂದಿನ ಅಕ್ಷರದ ಮೇಲೆ ಮಗಳಿಗೆ ಬೆರಳಿಡಲು ಹೇಳಿ. ‘ಸಿಟಿ’ಯಲ್ಲಿ ಅಲ್ಲಿರುವುದು ಟಿ, ವ್ಯಂಜನ. ವೈ ಹೋಗಿ ಐಇಎಸ್ ಬರುತ್ತದೆ. ‘ಮಂಕಿ’ಯಲ್ಲಿ ಬೆರಳಿಗೆ ಸಿಗುವುದು ಇ, ಸ್ವರ. ವೈ ಅಲ್ಲೇ ಇರಲಿ, ಎಸ್ ಸೇರಿಸಿದರೆ ಮುಗಿಯಿತು. ‘ಕೀ’, ‘ಬಾಯ್’, ‘ಟಾಯ್’ ಕೂಡ ಹೀಗೇ.

ಒ ಕೊನೆಯ ಪದಗಳಿಗೆ ಅಚ್ಚುಕಟ್ಟಾದ ದಾರಿಯಿಲ್ಲ. ಹೀರೊ, ಪೊಟ್ಯಾಟೊ, ಟೊಮ್ಯಾಟೊಗೆ ಇಎಸ್. ಫೋಟೊ, ಪಿಯಾನೊ, ರೇಡಿಯೊಗೆ ಎಸ್. ಮ್ಯಾಂಗೊ, ವಾಲ್ಕೇನೊ ಎರಡೂ ಥರ ಸರಿ. ಇವಕ್ಕೆ ಅಂಕ ಕಳೆದರೆ ಶಿಕ್ಷಕರಿಗೆ ನಿಘಂಟು ತೋರಿಸಿ. ‘ಫುಟ್’ನಿಂದ ‘ಫೀಟ್’, ‘ಚೈಲ್ಡ್’ನಿಂದ ‘ಚಿಲ್ಡ್ರನ್’ ಓದುತ್ತಾ ಓದುತ್ತಾ ತಾವೇ ಬರುತ್ತವೆ, ಅವಸರ ಬೇಡ.

‘ಫರ್ನಿಚರ್ಸ್’, ‘ಇನ್ಫರ್ಮೇಶನ್ಸ್’ ಎಂದು ದೊಡ್ಡವರೇ ಬರೆಯುತ್ತಾರೆ. ಎರಡಕ್ಕೂ ಎಸ್ ಸೇರುವುದಿಲ್ಲ. ಬಹುವಚನದ ಎಸ್‌ಗಿಂತ ಮೊದಲು ಅಪಾಸ್ಟ್ರಫಿ (’) ಇಡುವ ಚಾಳಿ ಮಗಳಿಗಿದ್ದರೆ ಈಗಲೇ ಬಿಡಿಸಿ. ಅಪಾಸ್ಟ್ರಫಿ ಇಟ್ಟರೆ ‘ಹುಡುಗರು’ ಹೋಗಿ ‘ಹುಡುಗನ’ ಎಂದಾಗುತ್ತದೆ.